ಗುರುವಾರ ಅಕ್ಕ ಬಂದಿದ್ದಳು

ನನ್ನ ಅಕ್ಷರ ದುಂಡಗಿಲ್ಲ, ಸಾಲು ನೆಟ್ಟಗೆ ಹೋಗುವುದಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ಓದುವವರು ಕ್ಷಮಿಸಬೇಕು. ಈ ಹಾಳೆಗಳನ್ನು ಮೂರು ಸಲ ತಿದ್ದಿ ಬರೆದಿದ್ದೇನೆ. ಇನ್ನೂ ತಪ್ಪು ಉಳಿದಿದ್ದರೆ ಅದು ಬರವಣಿಗೆಯ ತಪ್ಪು. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆದಿದ್ದೇನೆ.

ಇದು ನನ್ನ ಅಕ್ಕನ ವಿಷಯ. ಅವಳಿಗೆ ಇಪ್ಪತ್ತಾರು ವರ್ಷ, ನನಗೆ ಹದಿನೇಳು. ಅಮ್ಮ ತೀರಿಕೊಂಡಾಗ ನನಗೆ ಎಂಟು. ಅಂದಿನಿಂದ ನನ್ನ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಬೈಯಬೇಕಾದಾಗ ಬೈದವಳು ಎಲ್ಲ ಅವಳೇ. ಮದುವೆಯ ಮಾತು ಬಂದಾಗ, ತಂಗಿಯೂ ನನ್ನ ಜೊತೆಗೇ ಇರುತ್ತಾಳೆ, ಒಪ್ಪಿಗೆಯಿದ್ದರೆ ಮುಂದಿನ ಮಾತು ಎಂದು ಭಾವನಿಗೆ ಮೊದಲೇ ಹೇಳಿದ್ದಳಂತೆ. ಭಾವ ಒಪ್ಪಿದರು. ಅವರು ಸರಕಿನ ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಹತ್ತು ದಿನ ಮನೆ, ಇಪ್ಪತ್ತು ದಿನ ರಸ್ತೆ. ಹಾಗಾಗಿ ಮನೆಯಲ್ಲಿ ಇರುವವರು ಅಕ್ಕ, ಅಕ್ಕನ ಅತ್ತೆ ಮತ್ತು ನಾನು.

ಅಕ್ಕನ ಕೆಲಸ ಬಟ್ಟೆ ಕತ್ತರಿಸುವುದು. ನಮ್ಮ ಬೀದಿಯ ಕೊನೆಯಲ್ಲಿ ಯೂನಿಫಾರಂ ಹೊಲಿಯುವ ಅಂಗಡಿಯಿದೆ. ನಾಲ್ಕು ಮಿಷನ್ನು, ಒಂದು ಉದ್ದನೆಯ ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಇಸ್ತ್ರಿ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ತಪ್ಪಿದರೆ ಏನೂ ಮಾಡಲಾಗುವುದಿಲ್ಲ. ಆದ್ದರಿಂದ ಮಾಸ್ಟರ್ ಕತ್ತರಿಯನ್ನು ಸುಲಭಕ್ಕೆ ಯಾರ ಕೈಗೂ ಕೊಡುವವರಲ್ಲ. ಅಕ್ಕನಿಗೆ ಕೊಟ್ಟಿದ್ದಾರೆ. ಹನ್ನೆರಡು ಪದರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಇಡುವ ಮೊದಲು ಇನ್ನೊಮ್ಮೆ ಅಳೆಯುತ್ತಾಳೆ. ಕಾಲು ಇಂಚು ಆಚೀಚೆ ಕಂಡರೆ ಗೆರೆಯನ್ನೆಲ್ಲ ಒರೆಸಿ ಮೊದಲಿಂದ ಶುರು ಮಾಡುತ್ತಾಳೆ. ಅಂಗಡಿಯಲ್ಲಿ ಅವಳಿಗೆ 'ಕಾಲಿಂಚು' ಎಂದೇ ಹೆಸರು. ಬೆಳಿಗ್ಗೆ ಅವಳು ಒಳಗೆ ಕಾಲಿಟ್ಟರೆ ಮಾಸ್ಟರ್, "ಕಾಲಿಂಚು ಬಂದ್ಲು, ಎಲ್ರೂ ನೆಟ್ಟಗೆ ಕೂತ್ಕೊಳ್ಳಿ, ನಿಮ್ಮನ್ನೂ ಅಳೆದುಬಿಡ್ತಾಳೆ" ಎನ್ನುತ್ತಾರೆ. ನಾನು ಅದೇ ಅಂಗಡಿಯಲ್ಲಿ ಗುಂಡಿ ಹಾಕುತ್ತೇನೆ, ಅಳತೆ ಪುಸ್ತಕ ಬರೆಯುತ್ತೇನೆ. ಹೊಸಬರ ಮುಂದೆ ನನಗೆ ಬಾಯಿ ಬರುವುದಿಲ್ಲ. ನನ್ನ ಹೆಸರು 'ಮೂಗಿ'.

ಮದುವೆಯಾಗಿ ನಾಲ್ಕು ವರ್ಷದ ಮೇಲೆ ಅಕ್ಕ ಬಸುರಿಯಾದಳು. ಹನ್ನೆರಡನೇ ವಾರದಲ್ಲಿ ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿ ಅವಳಿ ಎಂದರು. ನರ್ಸಮ್ಮ ನಗುತ್ತಾ, ಒಂದು ಕೇಳಿದರೆ ಎರಡು ಸಿಕ್ಕಿತಲ್ಲ ಎಂದರು. ಒಂದು ರಿಪೋರ್ಟು ಕೊಟ್ಟರು, ಒಂದು ಕಾರ್ಡು ಕೊಟ್ಟರು. ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದಿತ್ತು, ಎಂಟು ವಾರದ ನಂತರದ್ದು. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಎಲ್ಲ ಚೆನ್ನಾಗಿದೆಯಾ ಎಂದು ಅಕ್ಕ ಕೇಳಿದಳು. ಚೆನ್ನಾಗಿದೆ, ಜೋಪಾನವಾಗಿ ಇಟ್ಟುಕೊಳ್ಳಿ ಎಂದರು. ನಾವು ಜೋಪಾನವಾಗಿಯೇ ಇಟ್ಟೆವು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀರುವಿನ ಮೇಲಿನ ಅರೆಯಲ್ಲಿ.

ಕಟಿಂಗ್ ಮಾಡುವವಳು ಅಂಗಡಿಯ ಸಿದ್ಧ ಉಡುಪು ಹಾಕುವುದುಂಟೇ ಎಂದು ಅಕ್ಕ ಬಸುರಿಗೆ ಬೇಕಾದ ಗೌನುಗಳನ್ನು ತಾನೇ ಹೊಲಿದುಕೊಳ್ಳಲು ಹೊರಟಳು. ಅದಕ್ಕಾಗಿ ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ನಾನು ಅವಳ ಹೊಟ್ಟೆಯ ಸುತ್ತಳತೆ ತೆಗೆದು ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತಿದ್ದೆ. ಹದಿನಾರನೇ ವಾರ ಮೂವತ್ನಾಲ್ಕು ಇಂಚು. ಹದಿನೇಳಕ್ಕೆ ಮೂವತ್ನಾಲ್ಕೂವರೆ. ಹದಿನೆಂಟಕ್ಕೆ ಮೂವತ್ತೈದೂವರೆ. ಹತ್ತೊಂಬತ್ತನೇ ವಾರದ ಶನಿವಾರ ಟೇಪು ಮೂವತ್ತೆಂಟು ತೋರಿಸಿತು.

ಇಲ್ಲಿ ನಮ್ಮ ಅಂಗಡಿಯ ಒಂದು ಹಳೇ ಸಂಗತಿ ಹೇಳಬೇಕು. ಹಿಂದಿನ ವರ್ಷ ಯಾರೋ ಟೇಪನ್ನು ಇಸ್ತ್ರಿ ಟೇಬಲ್ಲಿನ ಮೇಲೆ ಮರೆತಿದ್ದರು. ಬಿಸಿಗೆ ಅದು ಕುಗ್ಗಿತ್ತು. ಯಾರಿಗೂ ಗೊತ್ತಾಗದೆ ಅದೇ ಟೇಪಿನಲ್ಲಿ ಕತ್ತರಿಸಿದ ನಲವತ್ತು ಪ್ಯಾಂಟು ಒಂದೊಂದು ಇಂಚು ಗಿಡ್ಡವಾಗಿ ಬಂದವು. ಮಾಸ್ಟರ್ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ಅಲ್ಲಿಂದ ಈಚೆಗೆ ಅಳತೆ ವಿಚಿತ್ರವಾಗಿ ಕಂಡರೆ ನಮ್ಮ ಅಂಗಡಿಯಲ್ಲಿ ಮೊದಲು ಅನುಮಾನ ಬೀಳುವುದು ಟೇಪಿನ ಮೇಲೆ, ಮನುಷ್ಯರ ಮೇಲಲ್ಲ. ಆ ಶನಿವಾರವೂ ಹಾಗೇ ಆಯಿತು. ವಾರಕ್ಕೆ ಎರಡೂವರೆ ಇಂಚು ಯಾರಾದರೂ ದಪ್ಪವಾಗುತ್ತಾರೆಯೇ, ಟೇಪು ಮತ್ತೆ ಕುಗ್ಗಿದೆ, ಎರಡು ಇಂಚು ಕಳೆದು ಬರೆ ಎಂದು ಮಾಸ್ಟರ್ ಹೇಳಿದರು. ಅಕ್ಕನೂ ಹೌದೆಂದಳು. ನಾನು ಮೂವತ್ತೆಂಟನ್ನು ಅಡ್ಡಗೆರೆ ಎಳೆದು ಹೊಡೆದು ಮೂವತ್ತಾರು ಎಂದು ಬರೆದೆ. ಸ್ಟೀಲ್ ಸ್ಕೇಲು ಅಲ್ಲೇ ಮೊಳೆಗೆ ನೇತುಹಾಕಿತ್ತು. ಟೇಪನ್ನು ಅದರ ಪಕ್ಕ ಹಿಡಿದು ನೋಡಲು ಒಂದು ನಿಮಿಷ ಸಾಕಾಗಿತ್ತು. ನಾನು ನೋಡಲಿಲ್ಲ. ಬೇರೆಯವರ ತಪ್ಪು ಬರೆಯುವ ಮೊದಲು ನನ್ನದನ್ನು ಬರೆಯಬೇಕೆಂದು ಇಲ್ಲಿ ಬರೆದಿದ್ದೇನೆ.

ಬುಧವಾರ, ಮೂವತ್ತಾರಕ್ಕೆ ಲೂಸು ಬಿಟ್ಟು ಹೊಲಿದ ಗೌನು ಅಕ್ಕನ ಹೊಟ್ಟೆಯ ಮೇಲೆ ಇಳಿಯಲಿಲ್ಲ. ಆಗ ಸ್ಕೇಲು ತೆಗೆದು ಟೇಪನ್ನು ಹಿಡಿದು ನೋಡಿದೆ. ಟೇಪು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಮತ್ತೆ ಅಳೆದೆ. ಮೂವತ್ತೊಂಬತ್ತೂವರೆ. ಅಷ್ಟರಲ್ಲಿ ಅಕ್ಕನಿಗೆ ಟೇಬಲ್ಲಿನ ಮುಂದೆ ಬಗ್ಗಲು ಆಗುತ್ತಿರಲಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಚರ್ಮ ತಮಟೆಯ ಹಾಗೆ ಬಿಗಿದಿತ್ತು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಇದನ್ನು ನಾನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ನರ್ಸಮ್ಮ ಕಾರ್ಡನ್ನು ಕೈಗೂ ತೆಗೆದುಕೊಳ್ಳದೆ ಮೇಲಿಂದಲೇ ನೋಡಿ, ತಾರೀಖಿಗೆ ಇನ್ನೂ ಎಂಟು ದಿನವಿದೆ, ಇವತ್ತು ಚೀಟಿ ಕೊಡಲು ಬರುವುದಿಲ್ಲ ಎಂದರು. ಹೊಟ್ಟೆ ನಾಲ್ಕು ದಿನಕ್ಕೆ ಒಂದೂವರೆ ಇಂಚು ಬೆಳೆದಿದೆ, ಅದಕ್ಕೂ ಹಿಂದಿನ ವಾರ ಎರಡೂವರೆ ಎಂದು ಅಕ್ಕ ಹೇಳಿದಳು. ನಾನು ಅಳತೆ ಪುಸ್ತಕ ತೆಗೆದು ಮುಂದೆ ಹಿಡಿದೆ.

"ಇಂಚಲ್ಲಿ ಅಳ್ಕೊಂಡು ಬಂದಿದ್ದೀರಲ್ಲ, ಇದೇನು ಹೊಟ್ಟೆನಾ, ಪ್ಯಾಂಟಾ?" ಎಂದರು ನರ್ಸಮ್ಮ. ಕಾದು ಕೂತಿದ್ದವರಲ್ಲಿ ಇಬ್ಬರು ನಕ್ಕರು.

ಅಕ್ಕ ಅಲ್ಲಿಂದ ಕದಲಲಿಲ್ಲ. ಮುಕ್ಕಾಲು ಗಂಟೆ ಗೋಡೆಗೆ ಒರಗಿ ನಿಂತಳು. ಕುರ್ಚಿಗಳೆಲ್ಲ ಚೀಟಿ ಇದ್ದವರಿಗೆ. ಕೊನೆಗೆ ಡಾಕ್ಟರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಅಡ್ಡ ನಿಂತು ಹೇಳಿದಳು. ಅವರು ನಿಲ್ಲದೆಯೇ, "ಅವಳಿ ಅಲ್ವೇನಮ್ಮ, ಹೊಟ್ಟೆ ಬರದೆ ಇರುತ್ತಾ? ರೆಸ್ಟ್ ತಗೋ" ಎಂದು ಬಾಗಿಲು ಹಾಕಿಕೊಂಡರು. ಹೊಟ್ಟೆ ಮುಟ್ಟಿ ನೋಡಲಿಲ್ಲ. ಅಕ್ಕನ ಮುಖ ನೋಡಿದರೋ ಇಲ್ಲವೋ ಅದನ್ನೂ ನಾನು ಖಂಡಿತವಾಗಿ ಹೇಳಲಾರೆ. ನನ್ನ ಕೈಚೀಲದಲ್ಲಿ ಆ ರಿಪೋರ್ಟೂ ಇತ್ತು. ತೆಗೆದು ಕೊಡಬೇಕೆಂದು ಅನ್ನಿಸಿತು. ಬಾಯಿ ಬರಲಿಲ್ಲ.

ಶುಕ್ರವಾರ ಅಕ್ಕ ಕೆಲಸಕ್ಕೆ ಹೋದಳು. ಡಾಕ್ಟರೇ ಏನಿಲ್ಲ ಎಂದ ಮೇಲೆ ಮನೆಯಲ್ಲಿ ಕೂತು ಏನು ಮಾಡಲಿ ಎಂದಳು. ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದು, ಶಾಲೆಯ ಹಳೇ ನಿಘಂಟು ಹುಡುಕಿ, ರಿಪೋರ್ಟಿನ ಒಂದೊಂದೇ ಮಾತಿಗೆ ಅರ್ಥ ನೋಡುತ್ತಾ ಹೋದೆ. ಕೆಲವು ಮಾತು ನಿಘಂಟಿನಲ್ಲಿ ಇರಲಿಲ್ಲ. ಕೊನೆಯ ಎರಡು ಸಾಲಿಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅಲ್ಲಿ ಬರೆದದ್ದು ಇಷ್ಟು: ಎರಡೂ ಮಕ್ಕಳಿಗೆ ಒಂದೇ ಮಾಸು. ಹದಿನಾರನೇ ವಾರದಿಂದ ಎರಡು ವಾರಕ್ಕೊಮ್ಮೆ ತಪ್ಪದೆ ಸ್ಕ್ಯಾನ್ ಮಾಡಿಸಬೇಕು.

ನಾನು ಅದನ್ನು ಐದಾರು ಸಲ ಓದಿದೆ. ಏಳು ವಾರದಿಂದ ಅದು ನಮ್ಮ ಬೀರುವಿನಲ್ಲೇ ಇತ್ತು. ಬರೆದವರಿಗೆ ಗೊತ್ತಿತ್ತು. ಅದನ್ನು ನಮ್ಮ ಕೈಗೆ ಕೊಟ್ಟವರಿಗೆ ಓದಲು ಬರುತ್ತಿತ್ತು. ಗೊತ್ತಿರದೆ ಇದ್ದದ್ದು ಹೊಟ್ಟೆ ಹೊತ್ತವಳಿಗೆ ಮಾತ್ರ. ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಹೇಳಲು ಇದ್ದ ಬಾಯಿ, ಎರಡು ವಾರಕ್ಕೊಮ್ಮೆ ಬನ್ನಿ ಎಂದು ಹೇಳಲು ಏಕೆ ಇರಲಿಲ್ಲ?

ಅಕ್ಕ ಬಂದ ಕೂಡಲೇ ಓದಿ ಹೇಳಿದೆ. ಅತ್ತೆಯೂ ಕೇಳಿಸಿಕೊಂಡರು. ಅತ್ತೆಗೂ ಅಕ್ಕನಿಗೂ ಬೆಳಿಗ್ಗೆಯ ನೀರಿನಿಂದ ಹಿಡಿದು ಸಂಜೆಯ ದೀಪದವರೆಗೆ ಎಲ್ಲದಕ್ಕೂ ಜಟಾಪಟಿ. ಅಂದು ಮಾತ್ರ ಅತ್ತೆ ತಾವೇ ಅಕ್ಕನ ಎರಡು ಬಟ್ಟೆ ಮಡಿಸಿ ಚೀಲಕ್ಕೆ ಹಾಕಿದರು. ಭಾವನ ಫೋನು ಸಿಗಲಿಲ್ಲ.

ಶನಿವಾರ ಮೊದಲ ಬಸ್ಸಿಗೆ ನಾನೂ ಅಕ್ಕನೂ ದೊಡ್ಡಾಸ್ಪತ್ರೆಗೆ ಹೊರಟೆವು. ಎರಡು ತಾಸಿನ ದಾರಿ. ಸ್ಕ್ಯಾನ್ ಮಾಡಿದವರು ವಯಸ್ಸಾದ ಡಾಕ್ಟರಮ್ಮ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ಪರದೆ ನೋಡಲು ಶುರು ಮಾಡಿದರು. ಆಮೇಲೆ ಹೊಟ್ಟೆ ಬೆಳೆಯಲು ಶುರುವಾದದ್ದು ಯಾವಾಗ ಎಂದು ಕೇಳಿದರು. ನಾನು ಪುಸ್ತಕ ಕೊಟ್ಟೆ. ಅದನ್ನು ಕೈಗೆ ತೆಗೆದುಕೊಂಡು ಓದಿದ ಮೊದಲನೆಯವರು ಅವರು. ಹೊಡೆದು ಹಾಕಿದ ಮೂವತ್ತೆಂಟರ ಮೇಲೆ ಬೆರಳಿಟ್ಟು ಇದೇನು ಎಂದರು. ಟೇಪಿನ ವಿಷಯ ಹೇಳಿದೆ. ಗುರುವಾರ ಕ್ಲಿನಿಕ್ಕಿನಲ್ಲಿ ತೋರಿಸಲು ಹೋದದ್ದನ್ನೂ ಹೇಳಿದೆ. ಅವರು, "ಟೇಪಿನ ಮೇಲೆ ಅನುಮಾನ ಪಟ್ಟಿದ್ದು ನಿಮ್ಮ ಕಸುಬು. ಹೊಟ್ಟೆ ಮೇಲೆ ಅನುಮಾನ ಪಡೋದು ನಮ್ಮ ಕಸುಬು. ಗುರುವಾರವೇ ಇದನ್ನ ಯಾರಾದ್ರೂ ನೋಡಬೇಕಿತ್ತು" ಎಂದರು.

ಒಂದು ಕಾಗದದ ಹಿಂದೆ ಚಿತ್ರ ಬರೆದು ತಿಳಿಸಿದರು. ಮಾಸಿನಲ್ಲಿ ಎರಡೂ ಮಕ್ಕಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ. ಚಿಕ್ಕ ಮಗುವಿನ ರಕ್ತ ದೊಡ್ಡದಕ್ಕೆ ಹರಿದುಹೋಗುತ್ತಿದೆ. ದೊಡ್ಡದರ ಚೀಲದಲ್ಲಿ ನೀರು ಮಿತಿಮೀರಿ ತುಂಬಿದೆ, ಅದರ ಹೃದಯಕ್ಕೆ ಭಾರ. ಚಿಕ್ಕದರ ಚೀಲದಲ್ಲಿ ನೀರೇ ಉಳಿದಿಲ್ಲ. ಚೀಲ ಮೈಗೆ ಅಂಟಿಕೊಂಡು ಅದು ಅಲ್ಲಾಡಲಾರದೆ ಒಂದು ಮಗ್ಗುಲಿಗೆ ಸಿಕ್ಕಿಕೊಂಡಿದೆ. ಹೀಗೇ ಬಿಟ್ಟರೆ ಎರಡೂ ಉಳಿಯುವುದು ಕಷ್ಟ. ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ, ತೆಳ್ಳನೆಯ ಕೊಳವೆ ಇಳಿಸಿ, ಕೂಡಿಕೊಂಡ ನಾಳಗಳನ್ನು ಲೇಸರಿನಲ್ಲಿ ಮುಚ್ಚಬೇಕು. ಎರಡೂ ಉಳಿಯಬಹುದು, ಒಂದು ಉಳಿಯಬಹುದು, ಎರಡೂ ಹೋಗಬಹುದು. ಇವತ್ತೇ ಮಾಡಬೇಕು.

ಅಕ್ಕ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

"ಕತ್ತರಿಸ್ತೀರಾ, ಸುಡ್ತೀರಾ?"

"ಸುಡೋದು."

"ತಪ್ಪಿದ್ರೆ?"

"ತಪ್ಪಿದ್ರೆ ಸರಿ ಮಾಡೋಕೆ ಆಗಲ್ಲಮ್ಮ."

"ಅಂಥ ಕೆಲಸ ನಂಗೆ ಗೊತ್ತು" ಎಂದಳು ಅಕ್ಕ. "ಮಾಡಿ. ಇನ್ನೊಂದ್ಸಲ ಅಳೆದು ಮಾಡಿ."

ಹನ್ನೊಂದು ಗಂಟೆಗೆ ಆಪರೇಷನ್ ಎಂದು ಗೊತ್ತಾಯಿತು. ಒಪ್ಪಿಗೆ ಪತ್ರಕ್ಕೆ ಅಕ್ಕ ಒಂಬತ್ತೂವರೆಗೇ ಸಹಿ ಹಾಕಿದಳು. ಪತ್ರ ಕೆಳಗಿನ ಕಚೇರಿಗೆ ಹೋಯಿತು, ಅಲ್ಲಿಯೇ ಕೂತುಬಿಟ್ಟಿತು. ಗಂಡನ ಸಹಿ ಇಲ್ಲದೆ ಫೈಲು ಮೇಲೆ ಕಳಿಸುವುದಿಲ್ಲ ಎಂದ ಗುಮಾಸ್ತ. ಗಂಡ ಲಾರಿಯಲ್ಲಿದ್ದಾರೆ, ಫೋನು ಸಿಗುತ್ತಿಲ್ಲ ಎಂದೆ. ಹಾಗಾದರೆ ಗಂಡನ ಕಡೆಯ ಗಂಡಸರು ಬರಲಿ ಎಂದ. ನಾನು ತಂಗಿ ಎಂದೆ. ವಯಸ್ಸೆಷ್ಟು ಎಂದು ಕೇಳಿ ನಕ್ಕ. ಅಕ್ಕ ಆಸ್ಪತ್ರೆಯ ನಿಲುವಂಗಿಯಲ್ಲೇ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಹೊಟ್ಟೆ ನನ್ನದು, ಬುದ್ಧಿ ನೆಟ್ಟಗಿದೆ, ಸಹಿ ಹಾಕಲು ಬರುತ್ತದೆ, ಇನ್ನೇನು ಬೇಕು ಎಂದು ಕೇಳಿದಳು. ರೂಲ್ಸು ಎಂದ. ಹನ್ನೊಂದು ಹೊಡೆಯಿತು, ಹನ್ನೆರಡು ಹೊಡೆಯಿತು. ಅವನು ಊಟದ ಡಬ್ಬಿ ಬಿಚ್ಚಿದ. ಒಳಗೆ ಒಂದು ಮಗು ಉಸಿರು ಕಟ್ಟಿಕೊಂಡು ಸಿಕ್ಕಿಕೊಂಡಿದ್ದ ಹೊತ್ತಿನಲ್ಲಿ ಅವನು ಡಬ್ಬಿಯ ಮುಚ್ಚಳ ತೊಳೆದುಕೊಂಡು ಬಂದದ್ದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ.

ಅಷ್ಟರಲ್ಲಿ ಅತ್ತೆ ಮುಂದಿನ ಬಸ್ಸಿಗೆ ಬಂದು ಇಳಿದರು. ವಿಷಯ ಕೇಳಿ ಸೀದಾ ಗುಮಾಸ್ತನ ಮೇಜಿನ ಮುಂದೆ ಹೋಗಿ ನಿಂತರು.

"ಅವಳ ಗಂಡನ್ನ ಹೆತ್ತಿದ್ದು ನಾನು. ಹೆರೋವಾಗ ನಾನು ಯಾರ ಸಹಿನೂ ತಂದಿರಲಿಲ್ಲ, ಅವನು ಹಾಗೇ ಬಂದ" ಎಂದರು. "ನಿಮ್ಮಮ್ಮ ತಂದಿದ್ರಾ ಕೇಳ್ಕೊಂಡು ಬಾಪ್ಪ, ನಾನು ಇಲ್ಲೇ ಇರ್ತೀನಿ."

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಗದ್ದಲಕ್ಕೆ ಆ ಡಾಕ್ಟರಮ್ಮನೇ ಇಳಿದು ಬಂದರು. ಫೈಲು ಎಲ್ಲಿ ಎಂದರು. ಗಂಡನ ಸಹಿಯ ರೂಲ್ಸು ಎಲ್ಲಿ ಬರೆದಿದೆ ತೋರಿಸು ಎಂದರು. ಅವನು ಒಂದು ಕಡತ ತೆಗೆದ, ಇನ್ನೊಂದು ತೆಗೆದ. ಎಲ್ಲಿಯೂ ಇರಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಇದ್ದದ್ದು ರೋಗಿಯ ಸಹಿ, ಅಷ್ಟೇ. ಕೊನೆಗೆ ಅವನು, "ಮೊದಲಿಂದ ಹಾಗೇ ಕೇಳ್ತಿದ್ವಿ ಮೇಡಂ" ಎಂದ. ಅದು ರೂಲ್ಸೇ ಅಲ್ಲ. ಬರೀ ರೂಢಿ. ರೂಢಿಗಾಗಿ ನನ್ನ ಅಕ್ಕನ ಮೂರೂವರೆ ಗಂಟೆ ಹೋಯಿತು.

ಒಂದೂಕಾಲಿಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಪೂರ್ತಿ ಮತ್ತು ಬರಿಸಲಿಲ್ಲ, ಆ ಜಾಗ ಮಾತ್ರ ಜೋಮು ಹಿಡಿಸಿದ್ದರಂತೆ. ಪರದೆ ಅವಳಿಗೂ ಕಾಣುತ್ತಿತ್ತು. ಕತ್ತಲೆ ಕೋಣೆಯಲ್ಲಿ ಟಾರ್ಚು ಬಿಟ್ಟ ಹಾಗಿತ್ತು ಎಂದು ಆಮೇಲೆ ಹೇಳಿದಳು. ಕೆಂಪು ನೂಲಿನಂಥ ನಾಳಗಳು, ಡಾಕ್ಟರಮ್ಮ ಒಂದೊಂದರ ಮುಂದೆಯೂ ನಿಂತು, ನೋಡಿ, ಆಮೇಲೆ ಸುಟ್ಟರು, ಅವಸರ ಮಾಡಲಿಲ್ಲ ಎಂದಳು. ಒಂದು ಸಲ ದೊಡ್ಡದರ ಅಂಗೈ ಪರದೆಯ ಮೇಲೆ ಬಂದು ಬೆಳಕನ್ನು ಮುಚ್ಚಿತಂತೆ. ಡಾಕ್ಟರಮ್ಮ, "ಕೈ ತೆಗಿ ಪುಟ್ಟ, ಕೆಲಸ ಮಾಡ್ತಿದ್ದೀನಿ" ಎಂದರಂತೆ. ಅಕ್ಕ ನನಗೆ ಹೇಳುವಾಗ ಅಲ್ಲಿಯವರೆಗೂ ನಗುತ್ತಿದ್ದಳು. ಚಿಕ್ಕದರ ಮುಖ ಕಂಡಿತಾ ಎಂದು ನಾನು ಕೇಳಿದೆ. ಇಲ್ಲ, ಕಾಲು ಮಾತ್ರ ಕಂಡಿತು ಎಂದಳು.

ಭಾನುವಾರ ಬೆಳಿಗ್ಗೆ ಎರಡು ಹೃದಯವೂ ಬಡಿಯುತ್ತಿದ್ದವು. ಭಾವ ಲಾರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಧ್ಯಾಹ್ನಕ್ಕೆ ಬಂದು ಮುಟ್ಟಿದರು. ಸೋಮವಾರ ಬೆಳಿಗ್ಗೆ ಚಿಕ್ಕದರ ಹೃದಯ ನಿಂತಿತ್ತು.

ಡಾಕ್ಟರಮ್ಮ ಮಂಚದ ಮೇಲೆ ಅಕ್ಕನ ಪಕ್ಕ ಕೂತು ಹೇಳಿದರು. ನಾಳಗಳನ್ನು ಮುಚ್ಚಿದ್ದರಿಂದಲೇ ದೊಡ್ಡದಕ್ಕೆ ಅಪಾಯ ತಟ್ಟಲಿಲ್ಲ, ಇಲ್ಲದಿದ್ದರೆ ಒಂದರ ಜೊತೆ ಇನ್ನೊಂದೂ ಹೋಗುತ್ತಿತ್ತು ಎಂದರು. ಗುರುವಾರವೇ ಬಂದಿದ್ದರೆ ಎಂದು ಅಕ್ಕ ಕೇಳಿದಳು. ಖಂಡಿತ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ, ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದು ಮಾತ್ರ ಹೇಳಬಲ್ಲೆ ಎಂದರು. ಅವರು ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಸಮಾಧಾನ ಮಾಡುವವರು ಬೇರೆ ಇದ್ದರು. ನೋಡಲು ಬಂದವರೆಲ್ಲ ಒಂದೇ ಮಾತು ಕಲಿತು ಬಂದವರ ಹಾಗೆ, ಒಂದು ಉಳಿಯಿತಲ್ಲ ಎಂದರು. ಎರಡು ಸಾಕುವುದು ಕಷ್ಟವಿತ್ತು ಬಿಡು ಎಂದೂ ಒಬ್ಬರು ಹೇಳಿದರು. ಅಕ್ಕ ಗೋಡೆಯ ಕಡೆ ತಿರುಗಿ, "ಇನ್ಮೇಲೆ ಒಂದುಳೀತಲ್ಲ ಅನ್ನೋರು ಬಾಗಿಲಾಚೆನೇ ಅಂದು ಹೋಗಲಿ" ಎಂದಳು. ಅಂದಿನಿಂದ ಅತ್ತೆ ವಾರ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಬಂದವರು ಮೊದಲು ಅವರನ್ನು ದಾಟಬೇಕು.

ಈಗ ಇಪ್ಪತ್ತೈದನೇ ವಾರ, ಅಕ್ಕ ಇನ್ನೂ ವಾರ್ಡಿನಲ್ಲೇ ಇದ್ದಾಳೆ. ದೊಡ್ಡದು ಚೆನ್ನಾಗಿ ಒದೆಯುತ್ತದೆ. ಚಿಕ್ಕದೂ ಹೆರಿಗೆಯಾಗುವವರೆಗೆ ಒಳಗೇ ಇರುತ್ತದೆ. ಅಕ್ಕ ಎಡಗಡೆ ಮಲಗುವಾಗ ಈಗಲೂ ಜಾಗ ಬಿಟ್ಟು ಮಲಗುತ್ತಾಳೆ, ಅದು ಇರುವುದು ಆ ಕಡೆ.

ನಾನು ಇದನ್ನು ಬರೆಯಲು ಕಾರಣ ಮೊನ್ನೆ ಬಂದ ಒಂದು ಕಾಗದ. ಇಂಥ ಸಾವಾದರೆ ಮೊದಲು ನೋಡಿಕೊಂಡ ಕಡೆಯಿಂದ ದೊಡ್ಡಾಸ್ಪತ್ರೆಯವರು ವಿವರ ತರಿಸುತ್ತಾರಂತೆ. ಡಾಕ್ಟರಮ್ಮ ಅದನ್ನು ನಮಗೆ ತೋರಿಸಿದರು. ಕ್ಲಿನಿಕ್ಕಿನವರು ಬರೆದಿದ್ದರು: ಎರಡು ವಾರಕ್ಕೊಮ್ಮೆ ಸ್ಕ್ಯಾನಿಗೆ ಬರುವಂತೆ ಗರ್ಭಿಣಿಗೆ ತಿಳಿಸಲಾಗಿತ್ತು. ಮೊದಲ ಸ್ಕ್ಯಾನಿನ ನಂತರ ಅವರು ಬಂದಿರುವುದಿಲ್ಲ.

ಬಂದಿರುವುದಿಲ್ಲ. ಮುಕ್ಕಾಲು ಗಂಟೆ ಗೋಡೆಗೆ ಒರಗಿ ನಿಂತವಳು ಬಂದಿರುವುದಿಲ್ಲ. ಚೀಟಿ ಕೊಡದವರೇ ಈಗ ಚೀಟಿ ಇಲ್ಲ, ಆದ್ದರಿಂದ ಬಂದೇ ಇಲ್ಲ ಎನ್ನುತ್ತಿದ್ದಾರೆ. ಕಾಲು ಇಂಚಿಗಾಗಿ ಹನ್ನೆರಡು ಪದರದ ಗೆರೆ ಒರೆಸುವ ನನ್ನ ಅಕ್ಕ, ಹೊಟ್ಟೆಯಲ್ಲಿರುವ ಮಕ್ಕಳ ವಿಷಯದಲ್ಲಿ ಅಸಡ್ಡೆ ಮಾಡಿದವಳು ಎಂದು ಆ ಕಾಗದದಲ್ಲಿ ಉಳಿಯುತ್ತದೆ. ನನ್ನ ತಪ್ಪನ್ನು ಕೇಳಿದವರಿಗೆಲ್ಲ ನಾನು ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಅವರ ತಪ್ಪನ್ನು ಅಕ್ಕನ ತಲೆಗೆ ಕಟ್ಟಲು ಬಿಡುವುದಿಲ್ಲ. ಭಾವ, ದೊಡ್ಡವರ ಜೊತೆ ಜಿದ್ದು ಬೇಡ, ಮೊದಲು ಹೆರಿಗೆಯಾಗಲಿ ಎನ್ನುತ್ತಾರೆ. ಅಕ್ಕ ನನ್ನನ್ನು ನೋಡಿ, ನಿನಗೆ ಅಲ್ಲಿ ಬಾಯಿ ಬರುತ್ತದೆಯೇ ಎಂದು ಮಾತ್ರ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅತ್ತೆ, "ಮಾತು ಅವಳಾಡ್ಲಿ, ಜಗಳ ನಾನಾಡ್ತೀನಿ" ಎಂದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ಕು ತೆರೆಯುತ್ತದೆ. ನಾನೂ ಅತ್ತೆಯೂ ಎಂಟೂವರೆಗೆ ಅಲ್ಲಿರುತ್ತೇವೆ. ಅಕ್ಕ ಆ ಗುರುವಾರ ಬಂದಿದ್ದಳು ಎಂದು ಡಾಕ್ಟರು ಬರೆದು ಸಹಿ ಹಾಕುವವರೆಗೆ ನಾನು ಅವರ ಕೋಣೆಯ ಮುಂದಿನ ಕುರ್ಚಿಯಿಂದ ಏಳುವುದಿಲ್ಲ.